ಉಪ್ಪಿನವರ ಅಳಿಯ

ದೇಶ ಬಿಟ್ಟು ಹೋಗಬೇಕೆಂಬ ಆದೇಶ ಮಜೋಕನ ಕೈಗೆ ಬಂದದ್ದು ಮೆಕ್ಕೆಜೋಳದ ಕಣದಲ್ಲಿ. ಪೊಲೀಸಿನವನು ಬೈಕಿನಿಂದ ಇಳಿದು ಹೆಸರು ಕೂಗಿದ. ಮಜೋಕ್ ಹೊತ್ತಿದ್ದ ಮೂಟೆಯನ್ನು ಟ್ರ್ಯಾಕ್ಟರಿಗೆ ಹಾಕಿ ಬಂದು ನಿಂತ. ಪೊಲೀಸಿನವನಿಗೆ ಕಾಗದ ಇಟ್ಟು ಬರೆಯಲು ಜಾಗ ಬೇಕಿತ್ತು. ಸುತ್ತ ನೋಡಿದ. ಮೇಜಿಲ್ಲ. "ಬಗ್ಗಯ್ಯ" ಅಂದ. ಮಜೋಕ್ ಬಗ್ಗಿದ. ಅವನ ಬೆನ್ನ ಮೇಲೆಯೇ ಕಾಗದ ಇಟ್ಟು, ತಲುಪಿಸಿದ್ದೇನೆ ಎಂದು ಬರೆದು, ಒಂದು ಪ್ರತಿಯನ್ನು ಆ ಬೆನ್ನಿನ ಯಜಮಾನನಿಗೆ ಕೊಟ್ಟು ಪೊಲೀಸಿನವನು ಹೊರಟುಹೋದ. ಮಷೀನಿನ ಪಕ್ಕ ನಿಂತಿದ್ದ ಸುನಿತಾ ಇದನ್ನೆಲ್ಲ ನೋಡಿದಳು. ಮೊದಲು ನಗು ಬಂತು. ಆಮೇಲೆ ಮೈಯೆಲ್ಲ ಉರಿಯಿತು.

ಮಜೋಕ್ ದಕ್ಷಿಣ ಸುಡಾನಿನವನು. ದನ ಕಾಯುವ ಜನ ಅವರದು. ಯುದ್ಧದಲ್ಲಿ ಊರು ಸುಟ್ಟುಹೋದ ಮೇಲೆ, ಉಳಿದ ದನ ಮಾರಿ ಚಿಕ್ಕಪ್ಪ ಅವನನ್ನು ಇಲ್ಲಿಗೆ ಫಾರ್ಮಸಿ ಓದಲು ಕಳಿಸಿದ್ದ. ಅವನು ಸೇರಿದ ಕಾಲೇಜಿಗೆ ಬೋರ್ಡಿತ್ತು, ಲಿಫ್ಟಿತ್ತು, ಮಾನ್ಯತೆ ಇರಲಿಲ್ಲ. ಅದು ಗೊತ್ತಾಗುವ ಹೊತ್ತಿಗೆ ಮಾಲೀಕರು ಅದೇ ಕಟ್ಟಡವನ್ನು ಕಲ್ಯಾಣ ಮಂಟಪ ಮಾಡಿಕೊಂಡಿದ್ದರು. ಕಾಲೇಜಿಲ್ಲ ಅಂದಮೇಲೆ ವೀಸಾ ಇಲ್ಲ. ಮಾಲೀಕರಿಗೆ ಯಾವ ನೋಟೀಸೂ ಬರಲಿಲ್ಲ. ಮೋಸ ಮಾಡಿದವರು ಮದುವೆಗೆ ಹಾಲ್ ಬಾಡಿಗೆ ಕೊಡುತ್ತ ಕೂತರು. ಮೋಸ ಹೋದವನು ಅಕ್ರಮ ವಾಸಿ ಆದ.

ಹೊಟ್ಟೆಗೆ ಬೇಕಲ್ಲ, ಸತೀಶ್ ಕುಮಾರ್ ಎಂಬುವನ ಜೋಳ ಬಿಡಿಸುವ ಮಷೀನಿನ ಜೊತೆ ಹಮಾಲಿಯಾಗಿ ಸೇರಿಕೊಂಡ. ಸುಗ್ಗಿಯಲ್ಲಿ ಆ ಮಷೀನು ಚನ್ನಗಿರಿಯಲ್ಲಿ ಶುರುವಾಗಿ, ಹೊನ್ನಾಳಿ, ನ್ಯಾಮತಿ ಸುತ್ತಿ, ಕೊನೆಗೆ ಜಗಳೂರು ಸೀಮೆಗೆ ಬರುತ್ತದೆ. ಹಾಗೆ ಬಂದದ್ದು ಬಿಳಿಚೋಡಿನ ಆಚೆಯ ಕೆಂಚನಕಟ್ಟೆಗೆ. ಅಲ್ಲಿ ಊರು ಒಂದು ಕಡೆ, ಕಾಲೋನಿ ಒಂದು ಕಡೆ, ನಡುವೆ ಒಣಗಿದ ಹಳ್ಳ. ಸುನಿತಾ ಕಾಲೋನಿಯವಳು. ಮಷೀನಿನ ಬಾಯಿಗೆ ತೆನೆ ಸುರಿಯುವುದು ಹೆಂಗಸರ ಕೆಲಸ, ಕಾಳಿನ ಮೂಟೆ ಹೊರುವುದು ಗಂಡಸರದು, ಧೂಳು ಇಬ್ಬರಿಗೂ. ಕಣ್ಣೊಂದು ಬಿಟ್ಟು ಮುಖವೆಲ್ಲ ಟವಲ್ಲಿನಲ್ಲಿ ಸುತ್ತಿಕೊಳ್ಳಬೇಕು. ಉಗಿದರೆ ಕರಿ ಉಗುಳು. ರಾತ್ರಿ ಮೈ ತುರಿಸಿ ತುರಿಸಿ ರಕ್ತ ಬರುತ್ತದೆ. ಅಂಥ ಧೂಳಿನಲ್ಲೂ ಸಾಲು ಹೆಂಗಸರ ನಡುವೆ ಸುನಿತಾಳನ್ನು ಗುರುತು ಹಿಡಿದು ನೀರಿನ ಬಾಟಲಿ ಕೊಡುತ್ತಿದ್ದವನು ಮಜೋಕ್ ಒಬ್ಬನೇ. ಮಷೀನು ಮುಂದಿನ ಊರಿಗೆ ಹೋದಾಗ ಅವನು ಹೋಗಲಿಲ್ಲ. ಕಾಲೋನಿಯ ಆಚೆ ಒಂದು ಶೆಡ್ಡಿನಲ್ಲಿ ಉಳಿದುಕೊಂಡ. ಕನ್ನಡ ಕಲಿತ. ಕಲಿತದ್ದು ಕಣದಲ್ಲಿ, ಆದ್ದರಿಂದ ಬೈಗುಳ ಮೊದಲು ಬಂದವು, ಉಳಿದದ್ದು ಆಮೇಲೆ.

ಊರಿನವರು ಅವನನ್ನು ಕೊಂಡಾಡಿದ್ದೇ ಕೊಂಡಾಡಿದ್ದು. ಬಸ್‌ಸ್ಟ್ಯಾಂಡಿನ ಹೋಟೆಲ್ಲಿನ ಜಯದೇವಪ್ಪನಂತೂ ಫಾರಿನ್ ಗಿರಾಕಿ ಬಂದನೆಂದು ತಾನೇ ಬೆಂಚು ಒರೆಸಿ ಕೂರಿಸಿದ. ಸ್ಟೀಲ್ ಲೋಟದಲ್ಲಿ ಚಾ ಕೊಟ್ಟ. ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿ, ಕಟ್ಟು ಹಾಕಿಸಿ, ಗಲ್ಲಾಪೆಟ್ಟಿಗೆಯ ಹಿಂದೆ ದೇವರ ಪಟದ ಪಕ್ಕ ತೂಗುಹಾಕಿದ. ಸುನಿತಾಳ ಅಪ್ಪ ಗಾದ್ರಪ್ಪ ಆ ಹೋಟೆಲ್ಲಿಗೆ ಜೀವಮಾನವಿಡೀ ಸೌದೆ ಒಡೆದಿದ್ದಾನೆ. ಅವನು ಒಳಗಿನ ಬೆಂಚನ್ನು ಕಂಡದ್ದು ಬಾಗಿಲಿಂದ. ಅವನ ಚಾ ಪೇಪರ್ ಕಪ್ಪಿನಲ್ಲಿ, ಹೊರಗಿನ ಚಪ್ಪಡಿಯ ಮೇಲೆ.

ಮರುವರ್ಷದ ಸುಗ್ಗಿಗೆ ಮಷೀನು ಮತ್ತೆ ಬಂದಾಗಲೇ ಆ ಆದೇಶವೂ ಬಂದದ್ದು. ಅವತ್ತು ಸಂಜೆ ಸುನಿತಾ ಶೆಡ್ಡಿನ ಹತ್ತಿರ ಹೋಗಿ ನೇರವಾಗಿ ಕೇಳಿದಳು.

"ನನ್ನ ಮದ್ವೆ ಆಗು. ಗಂಡ ಅಂದ್ರೆ ಇರಾಕೆ ಬಿಡ್ತಾರಂತೆ."

ಮಜೋಕ್ ತಲೆ ಅಲ್ಲಾಡಿಸಿದ. ಪೇಪರಿಗೋಸ್ಕರ ಮದುವೆ ಆಗುವವನು ತಾನಲ್ಲ ಎಂದ.

"ಪೇಪರ್ ಇವತ್ತು ಬಂತು. ನಿನ್ನ ಟವಲ್ ಒಗಿಯಾಕೆ ಶುರು ಮಾಡಿ ಎಷ್ಟು ದಿನ ಆತು? ಯಾರ ಟವಲ್ ಅಂತ ಒಗೀತಿದ್ದೆ ನಾನು?"

ಮಜೋಕ್ ಹೆಗಲ ಮೇಲಿನ ಟವಲ್ ತೆಗೆದು ನೋಡಿದ. ತನ್ನ ಕಡೆ ಗಂಡು ಹೆಣ್ಣಿನ ಮನೆಗೆ ದನ ಕೊಡಬೇಕು, ತನ್ನ ಹತ್ತಿರ ಒಂದು ಕರುವೂ ಇಲ್ಲ ಎಂದು ಸಂಕೋಚಪಟ್ಟ. ಆಮೇಲೆ ಇದನ್ನು ಕೇಳಿ ಗಾದ್ರಪ್ಪನಿಗೆ ಪರಮಾಶ್ಚರ್ಯವಾಯಿತು. ಗಂಡಿನವರೇ ಕೊಡುವ ದೇಶವನ್ನು ಬಿಟ್ಟು ಇಲ್ಲಿಗೆ ಯಾಕಪ್ಪ ಬಂದೆ ಎಂದು ಅವನು ನಿಜವಾಗಿಯೂ ಮರುಗಿದ.

ಜಗಳೂರಿನ ವಕೀಲೆ ಅರುಣಾ ಕಾಗದಪತ್ರ ನೋಡಿಕೊಂಡಳು. ರಿಜಿಸ್ಟರ್ ಮದುವೆ ಆಯಿತು. ಹೆಂಡತಿಯ ಜೊತೆ ಇಲ್ಲೇ ಇರಲು ಬಿಡಿ ಎಂದು ಅರ್ಜಿಯೂ ಹೋಯಿತು. ಇನ್ನು ವಿಚಾರಣೆಗೆ ಅಧಿಕಾರಿ ಬರುತ್ತಾರೆ, ನಾಟಕದ ಮದುವೆಯೋ ನಿಜದ್ದೋ ನೋಡುತ್ತಾರೆ, ಇಬ್ಬರೂ ಒಂದೇ ಮನೆಯಲ್ಲಿರಬೇಕು, ಸುತ್ತಲಿನ ಜನ ಗಂಡ ಹೆಂಡತಿ ಎನ್ನಬೇಕು, ತಪ್ಪಿದರೆ ವಿಮಾನವೇ ಎಂದು ಅರುಣಾ ಬಿಡಿಸಿ ಹೇಳಿದಳು. ಇಷ್ಟೇನಾ ಎಂದು ಎಲ್ಲರೂ ನಕ್ಕರು.

ಮದುವೆಯ ಮರುದಿನ ಮಜೋಕ್ ಎಂದಿನಂತೆ ಹೋಟೆಲ್ಲಿಗೆ ಹೋದ. ಬೆಂಚಿನ ಮೇಲೆ ಕೂರುವ ಮೊದಲೇ ಜಯದೇವಪ್ಪ ಹೊರಗಿನ ಚಪ್ಪಡಿಯನ್ನು ತೋರಿಸಿದ. ಪೇಪರ್ ಕಪ್ಪು ಬಂತು. ಗೋಡೆಯ ಮೇಲಿನ ಫೋಟೊ ಇರಲಿಲ್ಲ. ಹೊಗೆ ಹಿಡಿದ ಗೋಡೆಯಲ್ಲಿ ಅದು ಇದ್ದಷ್ಟು ಜಾಗ ಮಾತ್ರ ಬೆಳ್ಳಗೆ ಉಳಿದಿತ್ತು. ಮಜೋಕ್ ಮನೆಗೆ ಬಂದು, ಪಾಪ ಜಯದೇವಪ್ಪನ ಲೋಟಗಳನ್ನು ಯಾರೋ ಕದ್ದಿರಬೇಕು ಎಂದ. ಸುನಿತಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತ ನಗುತ್ತಲೇ ಅತ್ತಳು. ಸರ್ಕಾರ ಇನ್ನೂ ಅರ್ಜಿ ಓದುತ್ತಿತ್ತು. ಜಯದೇವಪ್ಪ ಆಗಲೇ ಮದುವೆಯನ್ನು ಮಂಜೂರು ಮಾಡಿದ್ದ.

ಇನ್ನು ಕಾಲೋನಿಯ ಕಡೆಯ ಕೆಲಸ. ಹೊರಗಿನವನನ್ನು ಕುಲಕ್ಕೆ ಸೇರಿಸಿಕೊಳ್ಳಲು ಅಲ್ಲಿ ಒಂದು ಶಾಸ್ತ್ರವಿದೆ. ಮಾರಮ್ಮನ ಗುಡಿಯ ಮುಂದೆ ಕೂರಿಸಿ, ಅರಿಶಿನದ ಕೊಂಬು ಕಾಯಿಸಿ ನಾಲಿಗೆಗೆ ಮುಟ್ಟಿಸುತ್ತಾರೆ. ಅಲ್ಲಿಗೆ ಹಳೆಯದೆಲ್ಲ ಸುಟ್ಟಂತೆ. ಆಮೇಲೆ ಒಂದು ಮನೆಯವರು ಎದ್ದು, ಇವನು ನಮ್ಮವನು ಅನ್ನಬೇಕು. ಆ ಮನೆಯ ಬೆಡಗೇ, ಗೋತ್ರವಿದ್ದ ಹಾಗೆ, ಅವನ ಬೆಡಗು. ಕಾಲೋನಿಯಲ್ಲಿ ಇರುವುದು ಎರಡು ಬೆಡಗು, ಉಪ್ಪಿನವರು ಮತ್ತು ಮೆಣಸಿನವರು. ಉಪ್ಪಿನವರ ಹೆಣ್ಣು ಮೆಣಸಿನವರಿಗೆ, ಮೆಣಸಿನವರ ಹೆಣ್ಣು ಉಪ್ಪಿನವರಿಗೆ. ಒಂದೇ ಬೆಡಗಿನವರು ಒಡಹುಟ್ಟಿದ ಲೆಕ್ಕ. ಸುನಿತಾ ಉಪ್ಪಿನವರ ಹುಡುಗಿ. ಹಾಗಾಗಿ ಮೆಣಸಿನವರಾದ ಸೋದರಮಾವ ಜಂಪಣ್ಣ ಎದ್ದು ನಿಲ್ಲಬೇಕೆಂದು ಮಾತಾಗಿತ್ತು.

ಜಂಪಣ್ಣ ಕಾಲು ಜೋಮು ಹಿಡಿದು ಏಳುವುದು ಸ್ವಲ್ಪ ತಡವಾಯಿತು. ಅಷ್ಟರಲ್ಲಿ ಗಾದ್ರಪ್ಪ ಎದ್ದುಬಿಟ್ಟ. ಸ್ವಲ್ಪ ಕುಡಿದಿದ್ದ. ಅದಕ್ಕಿಂತ ಹೆಚ್ಚಾಗಿ ಅವನಿಗೆ ದುಃಖ ಉಕ್ಕಿತ್ತು. ಸಮುದ್ರದಾಚೆಯಿಂದ ಬಂದ ಹುಡುಗ, ಹಿಂದಿಲ್ಲ ಮುಂದಿಲ್ಲ, ಅವನ ಬೆನ್ನ ಮೇಲೆ ಕಾಗದ ಇಟ್ಟು ಬರೆದರಲ್ಲ ಎಂದು ಗಳಗಳ ಅತ್ತು, ಇವನು ನನ್ನ ಮನೆಯವನು, ನನ್ನ ಮಗ, ಉಪ್ಪಿನವನು ಎಂದು ಕೂಗಿ ಅಪ್ಪಿಕೊಂಡ. ಎಲ್ಲರ ಕಣ್ಣಲ್ಲೂ ನೀರು. ಕುಲದ ಯಜಮಾನ ಚಿಕ್ಕಹನುಮಂತಪ್ಪನೂ ಅಳುತ್ತಲೇ ತೀರ್ಥ ಕೊಟ್ಟ. ಹಲಗೆ ಬಡಿದರು. ಊಟ ಆಯಿತು. ಒಬ್ಬರಿಗಾದರೂ ಹೊಳೆಯಬೇಕಲ್ಲ.

ಹೊಳೆದದ್ದು ಕಾಲೋನಿಯ ಹಿರಿಯ ಹೆಂಗಸು ದೊಡ್ಡಕ್ಕನಿಗೆ. ಅವಳು ನ್ಯಾಮತಿಯಲ್ಲಿ ಮಗಳ ಬಾಣಂತನ ಮುಗಿಸಿಕೊಂಡು ಮಾರನೆಯ ದಿನದ ಬಸ್ಸಿಗೆ ಬಂದಳು. ಸುನಿತಾಳ ಅವ್ವ ಗಾದ್ರಮ್ಮ ಎತ್ತಿಟ್ಟಿದ್ದ ಸಾರನ್ನು ಉಣ್ಣುತ್ತ, ಗಂಡು ಯಾವ ಬೆಡಗು ಎಂದು ಕೇಳಿದಳು. ಉಪ್ಪಿನವನು ಎಂದು ಗಾದ್ರಮ್ಮ ಹೆಮ್ಮೆಯಿಂದ ಹೇಳಿದಳು. ದೊಡ್ಡಕ್ಕ ತುತ್ತನ್ನು ತಟ್ಟೆಗೆ ವಾಪಸ್ಸು ಇಟ್ಟಳು.

"ಹಂಗಾರೆ ಅಣ್ಣ ತಂಗಿಗೆ ತಾಳಿ ಕಟ್ಟಿದ್ನಾ? ಇಷ್ಟು ಜನ ಗಂಡಸರು ಕೂತು ಇದನ್ನಾ ಮಾಡಿದ್ರಿ?"

ಕಾಲೋನಿಗೆ ಕಾಲೋನಿಯೇ ಮಂಕಾಯಿತು. ಸರಿ ಮಾಡಬಹುದು ಎಂದು ಚಿಕ್ಕಹನುಮಂತಪ್ಪ ಧೈರ್ಯ ಹೇಳಿದ. ಉಪ್ಪಿನವರ ಬೆಡಗಿನಿಂದ ಹೊರಗೆ ಹಾಕಿ, ಮತ್ತೆ ನಾಲಿಗೆ ಸುಟ್ಟು, ಮೆಣಸಿನವರಿಗೆ ಸೇರಿಸಬೇಕು. ಆದರೆ ಹೊರಹಾಕುವ ಶಾಸ್ತ್ರ ಅಮಾವಾಸ್ಯೆಗೇ ಆಗಬೇಕು. ಅಮಾವಾಸ್ಯೆ ಮೊನ್ನೆ ತಾನೇ ಕಳೆದಿತ್ತು. ಮುಂದಿನದು ಬರುವವರೆಗೆ ಸುಮ್ಮನಿದ್ದರಾಯಿತು, ಯಾರು ಕೇಳುತ್ತಾರೆ ಎಂದ ಗಾದ್ರಪ್ಪ.

ಕೇಳಿದವನು ಮಜೋಕ್. ವಿಷಯ ತಿಳಿದದ್ದೇ ಅವನ ಮುಖ ಬೂದಿಯಾಯಿತು. ಅವನ ಜನರಲ್ಲೂ ಬೆಡಗು ಇವೆ. ಅಲ್ಲಿ ಇದು ಇನ್ನೂ ಬಿಗಿ. ಒಂದೇ ಬೆಡಗಿನ ಹೆಣ್ಣನ್ನು ಮುಟ್ಟಿದರೆ ಹುಟ್ಟುವ ಕೂಸಿಗೆ ಕೇಡು, ದನಕ್ಕೂ ಕೇಡು. ಅವನು ಚಾಪೆ ಸುತ್ತಿಕೊಂಡು ಎದ್ದ.

"ಎಲ್ಲಿಗೆ?" ಅಂದಳು ಸುನಿತಾ.

"ಗುಡಿ ಕಟ್ಟೆಗೆ. ಅಮಾಸೆ ತಂಕ ನೀನು ನನ್ನ ತಂಗಿ."

"ವಿಚಾರಣೆಗೆ ಬರ್ತಾರೆ. ಒಂದೇ ಮನೆಯಾಗೆ ಇರ್ಬೇಕು ಅಂದಾರೆ. ನಿನ್ನ ಗಡಿ ದಾಟಿಸ್ತಾರೆ ಕಣೋ."

"ದಾಟಿಸ್ಲಿ. ತಪ್ಪು ತಪ್ಪೇ."

ಅಷ್ಟು ದೂರದಿಂದ ಬಂದು ನಮ್ಮವರಿಗಿಂತ ದೊಡ್ಡ ಕುಲಸ್ಥ ಆದೆಯಲ್ಲ ಎಂದು ಸುನಿತಾ ಚೊಂಬು ಎಸೆದಳು. ಅದು ಅವನಿಗೆ ತಾಗಲಿಲ್ಲ, ಬಾಗಿಲಿಗೆ ಬಂದಿದ್ದ ಜಂಪಣ್ಣನಿಗೆ ತಾಗಿತು. ಅವಳಿಗೆ ಸಿಟ್ಟು, ಹೆದರಿಕೆ ಎರಡೂ ಒಟ್ಟಿಗೆ ಬಂದಿದ್ದವು. ಈ ಮನುಷ್ಯನನ್ನು ಕಳೆದುಕೊಂಡರೆ ಮತ್ತೆ ಆ ಧೂಳಿನಲ್ಲಿ ತನ್ನನ್ನು ಗುರುತು ಹಿಡಿಯುವವರಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವನನ್ನು ಹಿಡಿದಿಟ್ಟುಕೊಳ್ಳಲು ಸರ್ಕಾರದ ಜೊತೆ ಜಗಳವಾಡಬೇಕೆಂದುಕೊಂಡಿದ್ದಳು. ಈಗ ಅವನ ಜೊತೆಯೇ ಜಗಳವಾಗಿತ್ತು.

ಅಧಿಕಾರಿ ಅಮಾವಾಸ್ಯೆಗೆ ಕಾಯಲಿಲ್ಲ. ರೇಣುಕಪ್ರಸಾದ್ ಎಂಬ ಇನ್ಸ್‌ಪೆಕ್ಟರು ಒಬ್ಬ ಪೇದೆಯ ಜೊತೆ ಜೀಪಿನಲ್ಲಿ ಬಂದಿಳಿದರು. ಗಾದ್ರಮ್ಮ ಓಡಿಹೋಗಿ ಮಜೋಕನ ಅಂಗಿಯೊಂದನ್ನು ತಂತಿಗೆ ನೇತುಹಾಕಿದಳು. ಆದರೆ ಇನ್ಸ್‌ಪೆಕ್ಟರು ಬರುವ ದಾರಿಯಲ್ಲೇ ಗುಡಿ ಕಟ್ಟೆಯ ಮೇಲೆ ಚಾಪೆ, ಅದರ ಪಕ್ಕ ಚಪ್ಪಲಿ ನೋಡಿಯಾಗಿತ್ತು. ಅಷ್ಟು ದೊಡ್ಡ ಚಪ್ಪಲಿ ಜಗಳೂರು ತಾಲೂಕಿನಲ್ಲಿ ಇನ್ನೊಬ್ಬರಿಗೆ ಇರಲಿಕ್ಕಿಲ್ಲ.

ಮಜೋಕ್, ಸುನಿತಾ ಒಬ್ಬರಿಗೊಬ್ಬರು ಏನಾಗಬೇಕು ಎಂದು ಅವರು ಎದುರಿಗೆ ಸಿಕ್ಕವರನ್ನು ಕೇಳಿದರು. ಒಬ್ಬರು ಗಂಡ ಹೆಂಡತಿ ಅಂದರು. ಇನ್ನೊಬ್ಬರು ಅಣ್ಣ ತಂಗಿ ಅಂದರು. ಗಾದ್ರಮ್ಮ ಅಳಿಯ ಎಂದಳು, ಗಾದ್ರಪ್ಪ ಅದೇ ಉಸಿರಿನಲ್ಲಿ ಮಗ ಎಂದ. ಇನ್ಸ್‌ಪೆಕ್ಟರು ಟೋಪಿ ತೆಗೆದು ತಲೆ ಒರೆಸಿಕೊಂಡು, ಹಿರಿಯರು ಯಾರಾದರೂ ಸರಿಯಾಗಿ ಹೇಳಿ ಎಂದರು. ಚಿಕ್ಕಹನುಮಂತಪ್ಪ ಮುಂದೆ ಬಂದ. ಹುಟ್ಟಿದಾಗಿನಿಂದ ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ.

"ಸರ್ಕಾರದ ಪ್ರಕಾರ ಗಂಡ ಹೆಂಡ್ತಿ ಸ್ವಾಮಿ. ಕುಲದ ಪ್ರಕಾರ ಅಣ್ಣ ತಂಗಿ. ಅಮಾಸೆಗೆ ಸರಿ ಮಾಡ್ತೀವ್ರಿ."

ಪೇದೆ ಮುಖ ತಿರುಗಿಸಿಕೊಂಡು ನಕ್ಕ. ಇನ್ಸ್‌ಪೆಕ್ಟರು ನಗಲಿಲ್ಲ. ನೀವೆಲ್ಲ ಇವರ ಕಡೆಯವರು, ನಿಮ್ಮ ಮಾತು ಸಾಕ್ಷಿಯಾಗುವುದಿಲ್ಲ, ಊರಿನ ಒಬ್ಬ ಮರ್ಯಾದಸ್ಥರನ್ನು ಕೇಳಬೇಕು ಎಂದರು. ಮರ್ಯಾದಸ್ಥರು ಎಲ್ಲಿ ಸಿಗುತ್ತಾರೆ? ಚಾ ಸಿಗುವಲ್ಲಿ. ಜೀಪು ಹಳ್ಳ ದಾಟಿ ಜಯದೇವಪ್ಪನ ಹೋಟೆಲ್ಲಿನ ಮುಂದೆ ನಿಂತಿತು. ಸುನಿತಾ, ಮಜೋಕ್ ಹಿಂದೆಯೇ ನಡೆದು ಬಂದು ಹೊರಗೆ ಚಪ್ಪಡಿಯ ಹತ್ತಿರ ನಿಂತರು.

ಜಯದೇವಪ್ಪ ಬೆಂಚು ಒರೆಸಿ ಅಧಿಕಾರಿಗಳನ್ನು ಕೂರಿಸಿದ. ಪೊಲೀಸರ ವ್ಯವಹಾರ, ಸಾಕ್ಷಿ ಗೀಕ್ಷಿ ತನಗೆ ಯಾಕೆ ಎಂದು ಅವನಿಗೆ ಅನ್ನಿಸಿರಬೇಕು. ಮದುವೆಯೋ ಏನೋ ತನಗೆ ಗೊತ್ತಿಲ್ಲ, ತಾನು ಕಂಡಂತೆ ಆತ ಒಂಟಿ ಆಸಾಮಿ, ಇರಲಿಕ್ಕೆ ಒಂದು ದಾರಿ ಬೇಕಲ್ಲ, ಆ ಹುಡುಗಿಯನ್ನು ಹಿಡಿದುಕೊಂಡು ನಾಟಕ ಆಡುತ್ತಿದ್ದಾನೆ ಎಂದ. ಹೇಳುತ್ತ ಹೇಳುತ್ತಲೇ ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಎರಡು ಸ್ಟೀಲ್ ಲೋಟ ಬೆಂಚಿಗೆ ಬಂದವು. ಹೊರಗೆ ನಿಂತವರಿಗೆ ಎರಡು ಪೇಪರ್ ಕಪ್ಪು ಚಪ್ಪಡಿಯ ಮೇಲೆ ಬಂದವು.

ಸುನಿತಾ ಆ ಕಪ್ಪುಗಳನ್ನು ನೋಡಿದಳು. ಹುಟ್ಟಿದಾಗಿನಿಂದ ನೋಡಿದ ಕಪ್ಪುಗಳೇ. ಇವತ್ತು ಅವು ಬೇರೆ ಥರ ಕಂಡವು. ಅವಳು ಬಾಗಿಲ ಹೊಸ್ತಿಲಿಗೆ ಬಂದಳು.

"ಸಾರ್, ಒಂದು ಮಾತು ಕೇಳ್ರಿ ಇವರನ್ನ. ನನ್ನ ಗಂಡ ಮೊದ್ಲು ಇದೇ ಬೆಂಚ್ ಮೇಲೆ ಕೂತು ಸ್ಟೀಲ್ ಲೋಟದಾಗೆ ಕುಡೀತಿದ್ದ. ಆ ಗೋಡೆ ಮೇಲೆ ಬೆಳ್ಳಗೆ ಐತಲ್ಲ, ಅಲ್ಲಿ ಅವನ ಫೋಟೊ ಇತ್ತು. ಯಾವತ್ತಿನಿಂದ ಹೊರಗೆ ಹಾಕಿದ್ರು, ಯಾಕೆ ಹಾಕಿದ್ರು, ಕೇಳ್ರಿ."

ಇನ್ಸ್‌ಪೆಕ್ಟರು ಗೋಡೆ ನೋಡಿದರು. ಕಪ್ಪು ನೋಡಿದರು. ತಮ್ಮ ಕೈಯಲ್ಲಿದ್ದ ಲೋಟ ನೋಡಿದರು. ಹೊರಗೆ ನಿಂತವರಿಗೆ ಪೇಪರ್ ಕಪ್ಪು ಯಾಕೆ ಎಂದು ಕೇಳಿದರು. ಹೈಜೀನಿಗೆ ಸಾರ್ ಎಂದ ಜಯದೇವಪ್ಪ. ನಮಗೆ ಹೈಜೀನ್ ಬೇಡವೇನ್ರಿ ಎಂದರು ಇನ್ಸ್‌ಪೆಕ್ಟರು.

ಜಯದೇವಪ್ಪನ ಕಷ್ಟ ಯಾರಿಗೂ ಬೇಡ. ಮದುವೆ ಆಗಿದೆ, ಅದಕ್ಕೇ ಹೊರಗೆ ಹಾಕಿದೆ ಎಂದರೆ ಅಟ್ರಾಸಿಟಿ ಕೇಸು. ಮದುವೆ ಆಗಿಲ್ಲ ಎಂದರೆ ಫಾರಿನ್ ಗಿರಾಕಿಗೆ ಪೇಪರ್ ಕಪ್ಪು ಯಾಕೆ? ಅವನು ಬೆವತ. ಆಮೇಲೆ ದಾರಿ ಹೊಳೆದವನಂತೆ ಸ್ಟೀಲ್ ಲೋಟ ತೊಳೆದು, ಕೆನೆ ಹಾಕಿ ಚಾ ತುಂಬಿ, ಹೊರಗೆ ಹೋಗಿ ಮಜೋಕನ ಕೈಗೆ ಕೊಟ್ಟ. ಒಳಗೆ ಬಾ, ಕೂತುಕೋ, ನೀನು ನಮ್ಮ ಅತಿಥಿ, ನಿನಗೆಂಥ ಜಾತಿ ಎಂದು ಹೆಗಲ ಮೇಲೆ ಕೈ ಹಾಕಿದ.

ಮಜೋಕ್ ಲೋಟ ನೋಡಿದ. ಅದನ್ನು ಹಿಡಿದು ಬೆಂಚಿನ ಮೇಲೆ ಕೂತರೆ ಅವನು ಒಂಟಿ ಆಸಾಮಿ. ಅಷ್ಟು ಅವನಿಗೆ ಅರ್ಥವಾಗಿತ್ತು. ಹೆಗಲ ಮೇಲಿನ ಕೈಯನ್ನು ಮೆಲ್ಲಗೆ ಎತ್ತಿ ಕೆಳಗಿಟ್ಟ.

"ನನ್ನ ಹೆಂಡ್ತಿಗೆ ಕೊಡ್ರಿ ಮೊದ್ಲು. ಇದೇ ಲೋಟದಾಗೆ. ನೀವೇ ಕೈಯಾರೆ ಕೊಡ್ರಿ."

ಲೋಟವನ್ನು ಜಯದೇವಪ್ಪನ ಕೈಗೆ ವಾಪಸ್ಸು ಇಟ್ಟ. ಸುನಿತಾ ಅಂಗೈ ಚಾಚಿದಳು. ಮಷೀನಿನ ಬಾಯಿಗೆ ತೆನೆ ಸುರಿದು ಬಿರುಕು ಬಿಟ್ಟ ಕೈ. ಜಯದೇವಪ್ಪನ ಕೈ ಅರ್ಧಕ್ಕೆ ಬಂದು ನಿಂತಿತು. ಮುಂದಕ್ಕೆ ಹೋಗಲಿಲ್ಲ. ಕೊಡು ಎಂದು ಬುದ್ಧಿ ಹೇಳುತ್ತಿತ್ತು, ಅಧಿಕಾರಿ ನೋಡುತ್ತಿದ್ದರು, ಕೇಸಿನ ಭಯವಿತ್ತು. ಆದರೂ ಕೈ ಕೇಳಲಿಲ್ಲ. ಲೋಟ ವಾಲಿ ಚಾ ಅವನ ಬೆರಳಿನ ಮೇಲೆಯೇ ಚೆಲ್ಲಿತು.

ಇನ್ಸ್‌ಪೆಕ್ಟರು ಪೆನ್ನು ತೆಗೆದರು. ಮದುವೆ ನಿಜ, ಊರಿನ ಸಾಕ್ಷಿ ಸಿಕ್ಕಿತು ಎಂದು ಬರೆದುಕೊಂಡರು. ಸಾರ್, ನಾನೇನೂ ಹೇಳಲೇ ಇಲ್ಲವಲ್ಲ ಎಂದ ಜಯದೇವಪ್ಪ. ಹೇಳಬೇಕಾಗಿಲ್ಲ ಎಂದರು ಅವರು.

"ಕೈ ನಿಂತಿದ್ದನ್ನೂ ಬರ್ಕೊಳ್ರಿ" ಅಂದಳು ಸುನಿತಾ.

ಅದು ತಮ್ಮ ಶಾಖೆಗೆ ಬರುವುದಿಲ್ಲ, ಬೇಕಾದರೆ ಠಾಣೆಗೆ ಹೋಗಿ ದೂರು ಕೊಡಬೇಕು ಎಂದು ಇನ್ಸ್‌ಪೆಕ್ಟರು ಪೆನ್ನಿನ ಮುಚ್ಚಳ ಹಾಕಿದರು. ಕೊಡ್ತೀನಿ ಎಂದಳು. ಆಮೇಲೆ ಜಯದೇವಪ್ಪನ ಕೈಯಿಂದ ಲೋಟವನ್ನು ತಾನೇ ತೆಗೆದುಕೊಂಡಳು. ಹೊಸ್ತಿಲು ದಾಟಿ ಒಳಗೆ ಬಂದಳು. ಬೆಂಚಿನ ಮೇಲೆ ಇನ್ಸ್‌ಪೆಕ್ಟರ ಎದುರಿಗೇ ಕೂತು ಅರ್ಧ ಕುಡಿದಳು. ಉಳಿದರ್ಧವನ್ನು ಮಜೋಕನ ಕಡೆಗೆ ಚಾಚಿದಳು. ಅವನು ಅನುಮಾನಿಸಿದ. ತಂಗಿಯ ಎಂಜಲು ಕುಡಿಯಬಹುದೋ ಇಲ್ಲವೋ ಎಂದು ಅವನ ತಲೆಯಲ್ಲಿ ಓಡುತ್ತಿದ್ದದ್ದು ಅವಳಿಗೆ ಗೊತ್ತಾಯಿತು.

"ಕುಡೀತೀಯೋ, ವಿಮಾನ ಹತ್ತುತೀಯೋ?"

ಮಜೋಕ್ ಬಾಗಿಲಿಗೆ ತಲೆ ತಾಗದಂತೆ ಬಗ್ಗಿ ಒಳಗೆ ಬಂದು, ಕುಡಿದ.

ಅಮಾವಾಸ್ಯೆಗೆ ಅವನನ್ನು ಉಪ್ಪಿನವರಿಂದ ಹೊರಗೆ ಹಾಕಿದರು. ಗಾದ್ರಪ್ಪ ಮಗನನ್ನು ಕಳೆದುಕೊಂಡೆನೆಂದು ಮತ್ತೆ ಅತ್ತ. ಈ ಸಲ ಜಂಪಣ್ಣನನ್ನು ಮೊದಲಿನಿಂದಲೇ ನಿಲ್ಲಿಸಿದ್ದರು. ದೊಡ್ಡಕ್ಕ ಅವನ ರಟ್ಟೆ ಹಿಡಿದುಕೊಂಡೇ ಇದ್ದಳು. ನಾಲಿಗೆ ಎರಡನೆಯ ಸಲ ಸುಟ್ಟಿತು. ಅವತ್ತೇ ಚಾಪೆ ಮನೆಗೆ ವಾಪಸ್ಸು ಬಂತು. ಕೆಲವು ವಾರಗಳಲ್ಲಿ ಸರ್ಕಾರದ ಕಾಗದವೂ ಬಂತು. ಒಂದು ವರ್ಷ ಇರಬಹುದು, ಆಮೇಲೆ ಮತ್ತೆ ಕೇಳಬೇಕು. ಸುನಿತಾ ಠಾಣೆಗೆ ಕೊಟ್ಟ ದೂರಿಗೆ ಮಾತ್ರ ಇನ್ನೂ ಯಾವ ಕಾಗದವೂ ಬಂದಿರಲಿಲ್ಲ.

ಮಜೋಕ್ ತನ್ನ ಕಾಗದವನ್ನು ಓದಿ, ಮಡಚಿ, ಸುನಿತಾಳನ್ನು ಕೇಳಿದ.

"ನಂಗೆ ಈ ಊರಾಗೆ ಇರಾಕೆ ಪರ್ಮಿಶನ್ ಸಿಕ್ತು. ನಿಂಗೆ ಯಾವಾಗ ಕೊಡ್ತಾರೆ?"

ಅವನು ತಮಾಷೆ ಮಾಡುತ್ತಿರಲಿಲ್ಲ. ಸುನಿತಾ ಎದ್ದಳು. ಅಪ್ಪನನ್ನು ಕೂಗಿದಳು. ಗಾದ್ರಪ್ಪ ಸೌದೆ ಒಡೆಯುವ ಕೊಡಲಿ ಹೆಗಲಿಗೆ ಹಾಕಿಕೊಂಡು ಬಂದ. ಇವತ್ತು ಕೊಡಲಿ ಬೇಡ ಎಂದು ಇಳಿಸಿಕೊಂಡಳು. ಮೂವರೂ ಹಳ್ಳ ದಾಟಿ ಹೋಟೆಲ್ಲಿಗೆ ಹೋದರು. ಚಪ್ಪಡಿಯ ಹತ್ತಿರ ಗಾದ್ರಪ್ಪನ ಕಾಲು ಅಭ್ಯಾಸದಂತೆ ನಿಂತಿತು. ಸುನಿತಾ ಒಂದು ಕೈ, ಮಜೋಕ್ ಇನ್ನೊಂದು ಕೈ ಹಿಡಿದು ಅವನನ್ನು ಒಳಗೆ ಕರೆದುಕೊಂಡು ಹೋಗಿ ಬೆಂಚಿನ ಮೇಲೆ ಕೂರಿಸಿದರು. ಜಯದೇವಪ್ಪ ಒಲೆಯ ಕಡೆ ಮುಖ ಮಾಡಿ ನಿಂತ.

"ಮೂರು ಚಾ" ಅಂದಳು ಸುನಿತಾ.

ಚಾ ಬರಲಿಲ್ಲ. ಅವರು ಏಳಲಿಲ್ಲ.